ಪಾಳುಬಿದ್ದ ಕರೆಗೊಂದು ತಾರೀಖು

ನಾಗರಬಾವಿಯ ನಮ್ಮ ಬೀದಿಯಲ್ಲಿ ನಾಗರವೂ ಇಲ್ಲ, ಬಾವಿಯೂ ಇಲ್ಲ. ಹೊರವರ್ತುಲ ರಸ್ತೆಯ ಮೋಟಾರುಗಳ ಭೋರ್ಗರೆತ ಮಾತ್ರ ಹಗಲಿರುಳೂ ಉಂಟು. ಆ ಸದ್ದಿನಿಂದ ಒಂದು ಗಳಿಗೆ ಬಿಡುಗಡೆ ಬಯಸುವವರ ಪುಣ್ಯಕ್ಕೆ ಜ್ಞಾನಭಾರತಿಯ ಆವರಣ ಪಕ್ಕದಲ್ಲಿಯೇ ಇದೆ. ಬೆಳಗಿನ ಆರು ಗಂಟೆಗೆ ಉಣ್ಣೆಯ ಟೊಪ್ಪಿಗೆ ಧರಿಸಿ ಅಲ್ಲಿ ಅಡ್ಡಾಡುವ ಗೃಹಸ್ಥರ ಸಾಲಿನಲ್ಲಿ ನಾನೂ ಒಬ್ಬ. ನನ್ನ ಜೊತೆಗಾರರು ನಮ್ಮ ಕಾಲೇಜಿನಲ್ಲಿಯೇ ಭೌತಶಾಸ್ತ್ರ ಬೋಧಿಸುವ ಮಿತ್ರರು. ಕಾರ್ಕಳ ತಾಲ್ಲೂಕಿನವರು, ನಾಗರಬಾವಿಗೆ ಬಂದು ಹನ್ನೆರಡು ವರ್ಷಗಳಾದರೂ ಮಳೆಗಾಲ ಬಂತೆಂದರೆ ಅವರ ಮನಸ್ಸು ಇಲ್ಲಿರುವುದಿಲ್ಲ.

ಜ್ಞಾನಭಾರತಿಯ ಮಗ್ಗುಲಲ್ಲಿಯೇ ಭಾರತೀಯ ಕ್ರೀಡಾ ಪ್ರಾಧಿಕಾರದ ಕೇಂದ್ರವಿದೆ. ಅದರ ಬೇಲಿಯ ಬಳಿ ಬಂದಾಗಲೆಲ್ಲ ಮಿತ್ರರು ಒಂದು ಕ್ಷಣ ನಿಲ್ಲುವರು. "ನಮ್ಮ ಹುಡುಗ ಇಲ್ಲಿಗೆ ಬರಬೇಕಾಗಿತ್ತು, ಬರಲಿಲ್ಲ. ಒಳ್ಳೆಯದೇ ಆಯಿತು" ಎನ್ನುವರು.

ಹುಡುಗನೆಂದರೆ ಶ್ರೀನಿವಾಸ ಗೌಡ. ವಾಚಕರಿಗೆ ನೆನಪಿರಬಹುದು. ೨೦೨೦ರ ಫೆಬ್ರವರಿ ೧ರಂದು ಐಕಳದ ಕಂಬಳದಲ್ಲಿ ಆತ ತನ್ನ ಜೋಡಿ ಕೋಣಗಳೊಡನೆ ೧೪೨.೫ ಮೀಟರುಗಳನ್ನು ೧೩.೬೨ ಸೆಕೆಂಡಿನಲ್ಲಿ ಓಡಿದ. ಯಾರೋ ಲೆಕ್ಕ ಮಾಡಿ, ನೂರು ಮೀಟರಿಗೆ ಇದು ೯.೫೫ ಸೆಕೆಂಡು ಆಯಿತೆಂದೂ, ಉಸೇನ್ ಬೋಲ್ಟನ ವಿಶ್ವದಾಖಲೆ ೯.೫೮ ಎಂದೂ ಸಾರಿದರು. ಅಲ್ಲಿಂದ ಮುಂದೆ ದೇಶವೆಲ್ಲ ಗುಲ್ಲೋ ಗುಲ್ಲು. ಕೇಂದ್ರದ ಕ್ರೀಡಾ ಮಂತ್ರಿಗಳು ಬೆಂಗಳೂರಿನ ಈ ಕೇಂದ್ರದಲ್ಲಿ ಪರೀಕ್ಷೆಗೆ ಆಹ್ವಾನವಿತ್ತರು. ಶ್ರೀನಿವಾಸ ಗೌಡ ಮಾತ್ರ ನಯವಾಗಿ ಒಲ್ಲೆನೆಂದ. ಕಾಲಿಗೆ ನೋವಾಗಿದೆ, ಗಮನವೆಲ್ಲ ಕಂಬಳದ ಮೇಲಿದೆ, ಕೆಸರುಗದ್ದೆಯಲ್ಲಿ ಓಡಿ ರೂಢಿಯಾದವನು ತಾನು ಎಂದ. ಲೆಕ್ಕ ಮಾಡಿದವರಿಗೆ ತಿಳಿಯದಿದ್ದುದು ಆ ಓಟಗಾರನಿಗೆ ತಿಳಿದಿತ್ತು. ಮುಂದೆ ಎರಡು ಕೋಣಗಳು ಎಳೆಯುತ್ತಿರುವವನ ಓಟಕ್ಕೂ ಒಂಟಿಯಾಗಿ ಓಡುವವನ ಓಟಕ್ಕೂ ತುಲನೆಯೆಲ್ಲಿ? ಆ ತಿಂಗಳೇ ವೇಣೂರಿನಲ್ಲಿ ನಿಶಾಂತ್ ಶೆಟ್ಟಿ ಎಂಬ ಓಟಗಾರ ೧೪೩ ಮೀಟರನ್ನು ೧೩.೬೧ ಸೆಕೆಂಡಿನಲ್ಲಿ ಓಡಿ ಆ ದಾಖಲೆಯನ್ನೂ ಮುರಿದ. ಪತ್ರಿಕೆಗಳಿಗೆ ಆಗ ಅಷ್ಟೊಂದು ಉತ್ಸಾಹ ಉಳಿದಿರಲಿಲ್ಲ.

ನಾನು ಹೇಳಹೊರಟಿರುವುದು ಓಟಗಾರರ ವಿಚಾರವನ್ನಲ್ಲ, ಓಡುವ ನೆಲದ ವಿಚಾರವನ್ನು. ಅದಕ್ಕೆ ಕಾರಣವಾದುದು ಒಂದು ಛಾಯಾಚಿತ್ರ.

ನನ್ನ ಅಕ್ಕನ ಮಗ ಅಮೆರಿಕದ ಉತ್ತರ ಕೆರೊಲಿನಾ ಸಂಸ್ಥಾನದಲ್ಲಿ ಇಂಜಿನಿಯರಾಗಿದ್ದಾನೆ. ಆತ ಕಳುಹಿಸಿದ ಚಿತ್ರದಲ್ಲಿ ಒಂದು ಮೋಟಾರು ಪಂದ್ಯದ ಕಣ. ಡಾಂಬರು ಬಿರುಕು ಬಿಟ್ಟು ಬಿರುಕುಗಳಲ್ಲೆಲ್ಲ ಹುಲ್ಲು ಬೆಳೆದಿದೆ, ಗ್ಯಾಲರಿಯ ಮೆಟ್ಟಿಲುಗಳು ಕುಸಿದಿವೆ. ಅದೇ ಕಣದ್ದೇ ಇನ್ನೊಂದು ಚಿತ್ರದಲ್ಲಿ ದೀಪಗಳು, ಕಿಕ್ಕಿರಿದ ಜನ. ನಾರ್ತ್ ವಿಲ್ಕ್ಸ್‌ಬರೋ ಎಂಬ ಸಣ್ಣ ಊರಿನದು. ಮನೆಬಳಕೆಯ ಕಾರಿನ ಆಕಾರದ ಗಾಡಿಗಳನ್ನು ಓಡಿಸುವ 'ಸ್ಟಾಕ್ ಕಾರ್' ಪಂದ್ಯಗಳಿಗಾಗಿ ೧೯೪೭ರಲ್ಲಿ ತೆರೆದ ಕಣವದು. ಆ ಸೀಮೆಯಲ್ಲಿ ಕಳ್ಳಭಟ್ಟಿಯ ಸಾರಾಯಿಯನ್ನು ಪೋಲೀಸರ ಕಣ್ಣು ತಪ್ಪಿಸಿ ಬೆಟ್ಟದ ದಾರಿಗಳಲ್ಲಿ ಸಾಗಿಸುತ್ತಿದ್ದವರೇ ಮೊದಮೊದಲ ಪಂದ್ಯವೀರರಲ್ಲಿ ಹಲವರೆಂದು ಕೇಳಿ ನನ್ನ ಹೆಂಡತಿ ನಕ್ಕಳು. ಅರ್ಧ ಶತಮಾನ ಪಂದ್ಯ ನಡೆಯಿತು. ೧೯೯೬ರ ಸೆಪ್ಟೆಂಬರಿನಲ್ಲಿ ದೊಡ್ಡ ಪಂದ್ಯ ಅಲ್ಲಿ ಕೊನೆಯಾಯಿತು.

ನಿಂತುದೇಕೆ? ಕಣ ಕೆಟ್ಟದ್ದರಿಂದಲ್ಲ, ಜನ ಬಾರದ್ದರಿಂದಲೂ ಅಲ್ಲ. ಆ ಕಣಕ್ಕೆ ವರ್ಷದ ಪಂದ್ಯಪಟ್ಟಿಯಲ್ಲಿ ಎರಡು ತಾರೀಖುಗಳಿದ್ದವು. ಬೇರೆಡೆಯಲ್ಲಿ ದೊಡ್ಡ ಕಣಗಳುಳ್ಳ ಇಬ್ಬರು ಧನಿಕರು ಈ ಕಣವನ್ನು ಪಾಲಿನಲ್ಲಿ ಕೊಂಡು, ಒಂದು ತಾರೀಖನ್ನು ಟೆಕ್ಸಸಿಗೂ ಇನ್ನೊಂದನ್ನು ನ್ಯೂ ಹ್ಯಾಂಪ್‌ಶೈರಿಗೂ ಒಯ್ದರು. ಅವರಿಗೆ ಬೇಕಾಗಿದ್ದುದು ತಾರೀಖು, ನೆಲ ಬೇಕಾಗಿರಲಿಲ್ಲ. ನೆಲವನ್ನು ಅಲ್ಲಿಯೇ ಬಿಟ್ಟರು. ನಡುವೆ ೨೦೧೦ರ ಸುಮಾರಿಗೆ ಸಣ್ಣ ಪಂದ್ಯಗಳನ್ನು ನಡೆಸುವ ಯತ್ನವೊಂದು ಆಗಿ ಬೇಗನೆ ಸೋತಿತು. ೨೦೧೯ರಲ್ಲಿ ಡೇಲ್ ಅರ್ನ್‌ಹಾರ್ಟ್ ಜೂನಿಯರ್ ಎಂಬ ಹೆಸರಾಂತ ಚಾಲಕನೂ ಗೆಳೆಯರೂ ಬಂದು ಕಳೆ ಕಿತ್ತು ಕಣದ ನಕ್ಷೆಯನ್ನು ಗಣಕಯಂತ್ರದ ಆಟವೊಂದಕ್ಕಾಗಿ ಅಳೆಸಿದರು; ಆಟದಲ್ಲಾದರೂ ಉಳಿಯಲಿ ಎಂಬ ಮಮತೆ. ಆಮೇಲೆ ಸರ್ಕಾರದಿಂದ ಒಂದು ಕೋಟಿ ಎಂಬತ್ತು ಲಕ್ಷ ಡಾಲರು ದೊರೆಯಿತು. ೨೦೨೨ರ ಆಗಸ್ಟಿನಲ್ಲಿ ಸಣ್ಣ ಪಂದ್ಯಗಳು, ೨೦೨೩ರ ಮೇ ತಿಂಗಳಲ್ಲಿ ಅಂಕಗಳ ಲೆಕ್ಕಕ್ಕೆ ಸೇರದ ತಾರಾಪಂದ್ಯ, ಕೊನೆಗೆ ೨೦೨೬ರ ಪಟ್ಟಿಯಲ್ಲಿ ಅಂಕಗಳಿಗಾಗಿ ನಡೆಯುವ ನಿಜವಾದ ಪಂದ್ಯದ ತಾರೀಖು. ಕಳೆದುಕೊಂಡದ್ದನ್ನು ಮರಳಿ ಗಳಿಸಲು ಮೂವತ್ತು ವರ್ಷ ಹಿಡಿಯಿತು. ಅದೇ ಸಂಸ್ಥಾನದ ರಾಕಿಂಗ್‌ಹ್ಯಾಮ್ ಎಂಬ ಕಣವೂ ೨೦೦೪ರಲ್ಲಿ ದೊಡ್ಡ ಪಂದ್ಯವನ್ನು ಕಳೆದುಕೊಂಡಿತು. ಅದಕ್ಕೆ ೨೦೨೫ರಲ್ಲಿ ಎರಡನೆಯ ದರ್ಜೆಯ ತಾರೀಖು ದಕ್ಕಿತು.

ಈ ಕಥೆಯನ್ನು ಮಿತ್ರರಿಗೆ ಹೇಳಿದೆ. ಅವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ನಮ್ಮ ಮನೆಯ ಕರೆಯೂ ಹೀಗೇ ಬಿದ್ದಿದೆ. ಸೋದರಮಾವನವರಿಗೆ ಈ ವಯಸ್ಸಿನಲ್ಲಿ ಅದನ್ನು ಎಬ್ಬಿಸಬೇಕೆಂಬ ಹಟ ಹಿಡಿದಿದೆ. ಜನವರಿಯಲ್ಲಿ ಬನ್ನಿ, ನೋಡುವಿರಂತೆ" ಎಂದರು.

ಕನ್ನಡದ ಮೇಷ್ಟರಾದ ನಮಗೆ ಕರೆಯೆಂದರೆ ಕೂಗು, ಆಹ್ವಾನ. ತುಳುವರಿಗೆ ಕರೆಯೆಂದರೆ ಕೋಣಗಳು ಓಡುವ ಕೆಸರಿನ ಪಥ. ಒಂದರ ಪಕ್ಕ ಒಂದು ಎರಡು ಪಥಗಳಿದ್ದರೆ ಜೋಡುಕರೆ. ಜೋಡುಕರೆಗಳಿಗೆ ಜೋಡಿ ಹೆಸರುಗಳನ್ನಿಡುವುದು ಅಲ್ಲಿನ ವಾಡಿಕೆ: ಮಿಯಾರಿನಲ್ಲಿ ಲವ-ಕುಶ, ಮೂಡುಬಿದಿರೆಯಲ್ಲಿ ಕೋಟಿ-ಚೆನ್ನಯ, ವೇಣೂರಿನಲ್ಲಿ ಸೂರ್ಯ-ಚಂದ್ರ, ಉಪ್ಪಿನಂಗಡಿಯಲ್ಲಿ ವಿಜಯ-ವಿಕ್ರಮ, ಐಕಳದಲ್ಲಿ ಕಾಂತಾಬಾರೆ-ಬೂದಾಬಾರೆ. ಮಣ್ಣಿನ ಎರಡು ಗೀಟುಗಳಿಗೆ ಇಷ್ಟು ಅಕ್ಕರೆಯ ನಾಮಕರಣ ಬೇರೆಲ್ಲಿಯಾದರೂ ಉಂಟೇ ಎಂದು ನನಗೆ ಸೋಜಿಗ.

ಜನವರಿಯ ಒಂದು ಶುಕ್ರವಾರ ರಾತ್ರಿ ಹೆಂಡತಿಯನ್ನೂ ಹತ್ತು ವರ್ಷದ ಮಗಳನ್ನೂ ಕರೆದುಕೊಂಡು ಮಿತ್ರರೊಡನೆ ಬಸ್ಸು ಹತ್ತಿದೆ. ಹಾಸನದಾಚೆ ನಿದ್ರೆ ಬಂದುದು ಚಾರ್ಮಾಡಿಯ ತಿರುವುಗಳಲ್ಲಿ ಓಡಿಹೋಯಿತು. ಉಜಿರೆ ದಾಟಿದ ಮೇಲೆ ಗಾಳಿಯ ಗುಣವೇ ಬದಲಾದಂತೆ. ಬೆಂಗಳೂರಿನ ಒಣಚಳಿ ಹೋಗಿ, ಒದ್ದೆ ಅಡಿಕೆಯ ಸೋಗೆಯ ವಾಸನೆ. ವೇಣೂರಿನ ಗೊಮ್ಮಟ ಇನ್ನೂ ಮಂಜಿನಲ್ಲಿದ್ದ. ೧೬೦೪ರಿಂದ ನಿಂತವನಿಗೆ ನಮ್ಮ ಬಸ್ಸಿನ ಅವಸರ ತಾಗುವಂತಿರಲಿಲ್ಲ.

ಆ ಶನಿವಾರ ಹತ್ತಿರದಲ್ಲಿಯೇ ಒಂದು ಜೋಡುಕರೆ ಕಂಬಳವಿತ್ತು. ಯಾವ ಊರಿನದೆಂದು ಹೇಳುವುದು ಬೇಡ. ನಾನು ಬರೆಯುವುದರಲ್ಲಿ ಮೆಚ್ಚಿಕೆಯೂ ಉಂಟು, ಅಳುಕೂ ಉಂಟು. ಪಾಳುಬಿದ್ದ ಕರೆಯನ್ನು ನೋಡುವ ಮುಂಚೆ ಜೀವಂತ ಕರೆಯನ್ನು ನೋಡಿರಬೇಕೆಂದು ಮಿತ್ರರು ಮೊದಲು ಅಲ್ಲಿಗೇ ಕರೆದೊಯ್ದರು.

ನೂರೈವತ್ತು ಮೀಟರಿಗೆ ಸ್ವಲ್ಪ ಕಡಿಮೆಯ ಉದ್ದ. ಮರಳು ಬೆರೆಸಿ ಹದಗೊಳಿಸಿದ ಕೆಸರು, ಅದರ ಮೇಲೆ ತಿಳಿನೀರು. ಒಂದು ತುದಿಯಲ್ಲಿ ಕೋಣಗಳನ್ನು ಇಳಿಸಿ ನಿಲ್ಲಿಸುವ ಗಂತು. ಇನ್ನೊಂದು ತುದಿಯಲ್ಲಿ ಮೇಲೇರಿ ನಿಲ್ಲುವ ಮಂಜೊಟ್ಟಿ. ಹಗಲು ನೋಡುವುದಕ್ಕಿಂತ ರಾತ್ರಿ ನೋಡಬೇಕು. ದೊಡ್ಡ ದೀಪಗಳ ಕೆಳಗೆ ನೀರು ಕನ್ನಡಿಯಂತಿರುತ್ತದೆ. ಧ್ವನಿವರ್ಧಕದಲ್ಲಿ ತುಳುವಿನ ವರ್ಣನೆ ಎಡೆಬಿಡದೆ ಹರಿಯುತ್ತದೆ. ಒಮ್ಮೆಗೇ ಕೂಗು. ಎರಡು ಜೋಡಿಗಳು ಬಿಡುಗಡೆಯಾಗುತ್ತವೆ. ಮುಂದಿನ ಹನ್ನೆರಡು ಹದಿಮೂರು ಸೆಕೆಂಡುಗಳಲ್ಲಿ ಕಾಣುವುದು ನೀರೇ ಹೊರತು ಕೋಣಗಳಲ್ಲ. ನೀರಿನ ಗೋಡೆಯೊಂದು ತಾನೇ ಓಡಿ ಬಂದಂತೆ ಬಂದು ಮಂಜೊಟ್ಟಿಯ ಮೇಲೆ ಒಡೆಯುತ್ತದೆ; ಒಳಗಿನಿಂದ ಕರ್ರನೆಯ ಎರಡು ಮೈಗಳೂ ಅವುಗಳ ಹಿಂದೆ ತೆಳ್ಳನೆಯ ಒಬ್ಬ ಮನುಷ್ಯನೂ ಹೊರಬೀಳುತ್ತಾರೆ. ಗೆಲುವನ್ನು ತೀರ್ಮಾನಿಸಲು ಈಗ ಲೇಸರ್ ಕಿರಣದ ಯಂತ್ರವಿದೆ. ಸೆಕೆಂಡಿನ ನೂರನೆಯ ಪಾಲಿಗೂ ಜಗಳವಿಲ್ಲ. ಜಗಳವಾಡುವವರಿಗೆ ಬೇರೆ ವಿಷಯಗಳಿವೆ.

ಓಟದ ಬಗೆಗಳೂ ಹಲವು. ಹಗ್ಗ, ನೇಗಿಲು ಇವುಗಳಲ್ಲಿ ಹಿರಿಯ ಕಿರಿಯ ಎಂಬ ವಿಭಾಗಗಳಿವೆ. ಅಡ್ಡಹಲಗೆಯಲ್ಲಿ ಓಟಗಾರ ಅಡ್ಡಲಾಗಿ ಕಟ್ಟಿದ ಹಲಗೆಯ ಮೇಲೆ ನಿಂತು ಸಾಗುತ್ತಾನೆ. ನನಗೆ ಎಲ್ಲಕ್ಕಿಂತ ಹಿಡಿಸಿದುದು ಕನೆಹಲಗೆ. ಇಲ್ಲಿ ವೇಗಕ್ಕೆ ಬಹುಮಾನವಿಲ್ಲ. ಓಟಗಾರ ರಂಧ್ರಗಳುಳ್ಳ ಹಲಗೆಯ ಮೇಲೆ ಒಂದು ಕಾಲಿಟ್ಟು ನಿಲ್ಲುತ್ತಾನೆ. ಕೋಣಗಳು ಎಳೆದಂತೆ ಆ ರಂಧ್ರಗಳಿಂದ ನೀರು ಕಾರಂಜಿಯಾಗಿ ಚಿಮ್ಮುತ್ತದೆ. ಕರೆಯ ಮೇಲೆ ಎತ್ತರದಲ್ಲಿ ಬಟ್ಟೆಯ ನಿಶಾನೆ ಕಟ್ಟಿರುತ್ತಾರೆ. ಆರೂವರೆ ಕೋಲು, ಏಳೂವರೆ ಕೋಲು ಎಂದು ಅದರ ಅಳತೆ. ನೀರು ನಿಶಾನೆಯನ್ನು ಮುಟ್ಟಿದರೆ ಗೆಲುವು. ನಮ್ಮ ಭೌತಶಾಸ್ತ್ರದ ಮಿತ್ರರು ಇದರ ಸೂತ್ರವನ್ನು ಅಂಗೈಯ ಮೇಲೆ ಬರೆದು ತೋರಿಸಲು ಹೊರಟರು. ಅಷ್ಟರಲ್ಲಿ ನೀರು ನಿಶಾನೆಯನ್ನು ಮುಟ್ಟಿ, ಅವರೇ ಮಕ್ಕಳಂತೆ ಕೂಗಿಕೊಂಡು ಸೂತ್ರವನ್ನು ಮರೆತರು.

ಇನ್ನು ಅಳುಕಿನ ಮಾತು. ಬೆತ್ತ ಕೋಣದ ಬೆನ್ನಿನ ಮೇಲೆ ಬಿದ್ದುದನ್ನು ನಾನು ಕಂಡೆ. ಎಲ್ಲ ಓಟದಲ್ಲೂ ಅಲ್ಲ, ಕೆಲವದರಲ್ಲಿ. ಮಗಳು, "ಅಪ್ಪ, ಅವಕ್ಕೆ ಓಡುವುದು ಇಷ್ಟವೇ?" ಎಂದು ಕೇಳಿದಳು. ಪಕ್ಕದಲ್ಲಿದ್ದ ಕೋಣದ ಯಜಮಾನರೊಬ್ಬರು ತಮ್ಮ ಕೋಣಗಳಿಗೆ ಹುರುಳಿ ಬೇಯಿಸಿ ಹಾಕುವುದನ್ನೂ, ಎಣ್ಣೆ ತಿಕ್ಕಿ ಮೀಯಿಸುವುದನ್ನೂ, ಈಜಲು ಕೆರೆಯಂಥ ಕೊಳ ಕಟ್ಟಿಸಿರುವುದನ್ನೂ ಅವಳಿಗೆ ವಿವರವಾಗಿ ಹೇಳಿದರು. ಅವೆಲ್ಲ ನಿಜ; ಮರುದಿನ ಕಣ್ಣಾರೆ ಕಂಡೆ. ಆದರೆ ಅವಳ ಪ್ರಶ್ನೆ ಅದಾಗಿರಲಿಲ್ಲ.

ಅದೇ ಪ್ರಶ್ನೆಯನ್ನು ದೊಡ್ಡವರು ದೊಡ್ಡ ಕೋರ್ಟಿನಲ್ಲಿಯೂ ಕೇಳಿದ್ದಾರೆ. ೨೦೧೪ರ ಮೇ ೭ರಂದು ಸುಪ್ರೀಂ ಕೋರ್ಟು ಜಲ್ಲಿಕಟ್ಟು ಮತ್ತು ಎತ್ತಿನಗಾಡಿ ಪಂದ್ಯಗಳನ್ನು ನಿಷೇಧಿಸಿತು. ಅದರ ನೆರಳು ಕಂಬಳದ ಮೇಲೂ ಬಿತ್ತು. ೨೦೧೬ರ ನವೆಂಬರಿನಲ್ಲಿ ನಮ್ಮ ಹೈಕೋರ್ಟು ಕಂಬಳಕ್ಕೆ ತಡೆಯಾಜ್ಞೆ ನೀಡಿದಾಗ ಕೋಣಗಳು ಕೊಟ್ಟಿಗೆಯಲ್ಲಿಯೇ ಉಳಿದವು. ೨೦೧೭ರಲ್ಲಿ ರಾಜ್ಯ ಸರ್ಕಾರ ಪ್ರಾಣಿಹಿಂಸೆ ತಡೆ ಕಾನೂನಿಗೆ ತಿದ್ದುಪಡಿ ತಂದು ದಾರಿ ತೆರೆಯಿತು. ೨೦೨೩ರ ಮೇ ೧೮ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಆ ತಿದ್ದುಪಡಿಯನ್ನು ಎತ್ತಿಹಿಡಿಯಿತು. ನಮ್ಮ ನಾಗರಬಾವಿಯಲ್ಲಿ ರಾಷ್ಟ್ರೀಯ ಕಾನೂನು ಶಾಲೆಯಿದೆ. ಅದರ ಎದುರಿನ ಚಹದ ಅಂಗಡಿಯಲ್ಲಿ ಹುಡುಗ ಹುಡುಗಿಯರು ಇದನ್ನು ಕುರಿತು ವಾದಿಸುವುದನ್ನು ಕೇಳಿದ್ದೇನೆ. ಪರ ವಿರೋಧ ಎರಡನ್ನೂ ಅವರು ನನಗಿಂತ ಚೆನ್ನಾಗಿ ಬಲ್ಲರು. ಯಾರೊಬ್ಬರೂ ಕೆಸರು ಮೆಟ್ಟಿದವರಲ್ಲ ಎಂದು ಮಿತ್ರರ ಆಕ್ಷೇಪ. ಹತ್ತಿರದಿಂದ ಮೆಟ್ಟಿದವರಿಗೆ ದೂರದಿಂದ ಕಾಣುವುದು ಕಾಣಲಾರದೆಂದು ನನ್ನದು.

ಮರುದಿನ ಬೆಳಿಗ್ಗೆ ಮಿತ್ರರ ಮನೆಗೆ ಹೋದೆವು. ಹಳೆಯ ಬೀಡಿನ ಮನೆ. ಮುಂದೆ ಬಾಕಿಮಾರು ಗದ್ದೆ. ಗದ್ದೆಯೆಂಬ ಹೆಸರು ಮಾತ್ರ. ಅರ್ಧಕ್ಕೆ ಅಡಿಕೆಯ ಸಸಿಗಳು ಬಂದಿವೆ. ಉಳಿದರ್ಧದ ಒಂದು ಅಂಚಿನಲ್ಲಿ ಉದ್ದಕ್ಕೆ ತಗ್ಗಾದ ನೆಲ. ಅದರ ತುಂಬ ಜೊಂಡು, ಮುಳ್ಳುಗಿಡ, ನಾಚಿಕೆಮುಳ್ಳಿನ ಹಾಸು. ಮಂಜೊಟ್ಟಿಯಿದ್ದ ಕಡೆ ಒಂದು ದಿನ್ನೆ. ಅದರ ಮೇಲೆ ಗೇರುಮರ. ಎಂಬತ್ತು ದಾಟಿದ ಸೋದರಮಾವನವರು ಊರುಗೋಲಿನಿಂದ ನೆಲವನ್ನು ತಟ್ಟಿ, "ಕೆಳಗೆ ಹದವಾದ ಮಣ್ಣು ಹಾಗೇ ಇದೆ. ನಮ್ಮ ಹಿರಿಯರು ಹಾಕಿದ್ದು" ಎಂದರು.

ನಾರ್ತ್ ವಿಲ್ಕ್ಸ್‌ಬರೋದಂತೆ ಈ ಕರೆಯ ತಾರೀಖನ್ನು ಯಾರೂ ಕೊಂಡೊಯ್ಯಲಿಲ್ಲ. ಇದರ ತಾರೀಖು ಪಂಚಾಂಗದಲ್ಲಿತ್ತು. ಹಿಂದೆ ಕಂಬಳವೆಂದರೆ ಮನೆತನದ ವ್ರತ. ಭತ್ತದ ಒಂದು ಕೊಯ್ಲು ಮುಗಿದು ಇನ್ನೊಂದು ಬಿತ್ತನೆಗೆ ಗದ್ದೆ ಅಣಿಯಾಗುವ ಹೊತ್ತಿಗೆ, ದೈವದ ಅಪ್ಪಣೆ ಪಡೆದು, ಇಂಥ ತಿಂಗಳ ಇಂಥ ದಿನವೆಂದು ನಡೆಯುತ್ತಿತ್ತು. ಗದ್ದೆಯಲ್ಲಿ ಪೂಕರೆಯ ಕಂಬ ನಿಲ್ಲಿಸುವುದೇ ಅಲ್ಲಿ ಮುಖ್ಯ. ಯಾರ ಕೋಣ ಮುಂದೆ ಎಂಬುದು ಆಮೇಲಿನ ಮಾತು. ಗೆದ್ದವರಿಗೆ ಬಾಳೆಗೊನೆ, ಎಳನೀರು. ಅಂಥ ದಿನವನ್ನು ಯಾವ ಶ್ರೀಮಂತನೂ ಕೊಳ್ಳಲಾರ. ಆದರೆ ಕಂಬಳ ನಡೆಸುವ ಮನೆಯೇ ಬದಲಾದರೆ? ೧೯೭೪ರ ಭೂಸುಧಾರಣೆಯ ತಿದ್ದುಪಡಿಯಿಂದ ಗೇಣಿಯ ಗದ್ದೆಗಳು ಉಳುವವರ ಪಾಲಾದವು. ಆದದ್ದು ನ್ಯಾಯವೇ, ಸೋದರಮಾವನವರೂ ಅದನ್ನು ಒಪ್ಪುವರು. ಗೇಣಿಯ ಅಕ್ಕಿಯಿಲ್ಲದ ಮನೆಗೆ ಕಂಬಳದ ಊಟ ಹಾಕುವ ಶಕ್ತಿಯಿರಲಿಲ್ಲ. ಕೆಲವು ವರ್ಷ ಸಾಲ ಮಾಡಿ ನಡೆಸಿದರು. ಹುಡುಗರು ಮುಂಬಯಿಗೂ ಬೆಂಗಳೂರಿಗೂ ಹೊರಟುಹೋದರು. ಭತ್ತ ಹೋಗಿ ಅಡಿಕೆ ಬಂತು, ಉಳುವ ಕೆಲಸಕ್ಕೆ ಯಂತ್ರ ಬಂತು, ಕೋಣಗಳನ್ನು ಮಾರಿದರು. ಮೂವತ್ತು ವರ್ಷಗಳಿಂದ ಇಲ್ಲಿ ಒಂದು ಗೊರಸೂ ಬಿದ್ದಿಲ್ಲ.

ಕಂಬಳವೇನೋ ಸಾಯಲಿಲ್ಲ, ಮನೆಗಳಿಂದ ಸಮಿತಿಗಳ ಕೈಗೆ ಬಂದು ಹಿಂದಿಗಿಂತ ದೊಡ್ಡದಾಯಿತು. ಬಾಳೆಗೊನೆಯ ಬದಲು ಪವನುಗಟ್ಟಲೆ ಚಿನ್ನ. ಗುಣಪಾಲ ಕಡಂಬರಂಥವರು ಓಟಗಾರರ ತರಬೇತಿಗೆ ಅಕಾಡೆಮಿ ಕಟ್ಟಿದರು. ಈಗ ಜಿಲ್ಲಾ ಕಂಬಳ ಸಮಿತಿ ಪ್ರತಿ ವರ್ಷ ಪಟ್ಟಿ ಹೊರಡಿಸುತ್ತದೆ. ಅದರಲ್ಲಿ ಹೆಸರಿಲ್ಲದ ಕರೆಗೆ ಹೆಸರಾಂತ ಕೋಣಗಳು ಬರುವುದಿಲ್ಲ. ಕೋಣಗಳು ಬಾರದಿದ್ದರೆ ಜನ ಬಾರರು.

ಆ ಪಟ್ಟಿಯ ಲೆಕ್ಕವನ್ನು ಸೋದರಮಾವನವರು ಜಗಲಿಯ ಮೇಲೆ ಅಡಿಕೆಗಳನ್ನು ಸಾಲಾಗಿ ಜೋಡಿಸಿ ನನಗೆ ತಿಳಿಸಿದರು. ನವೆಂಬರಿನಿಂದ ಏಪ್ರಿಲಿನವರೆಗೆ ಋತು. ಕಂಬಳವು ಶನಿವಾರ ಬೆಳಿಗ್ಗೆ ಶುರುವಾಗಿ ಭಾನುವಾರಕ್ಕೆ ಮುಗಿಯುವುದು ಪದ್ಧತಿ. ಎಲ್ಲ ಕಡೆಗೂ ಹೋಗುವುವು ಹೆಚ್ಚುಕಡಿಮೆ ಅವೇ ಕೋಣಗಳು. ಆದ್ದರಿಂದ ಒಂದು ವಾರ ಎರಡು ಕಡೆ ಇಡುವಂತಿಲ್ಲ. ನಡುವೆ ಕೋಣಗಳಿಗೆ ವಿಶ್ರಾಂತಿ ಬೇಕು. ಒಟ್ಟು ಇಪ್ಪತ್ತನಾಲ್ಕು ಅಡಿಕೆಗಳಾದವು. "ಇಷ್ಟೇ ಶನಿವಾರಗಳು. ದೇವರೂ ಇಪ್ಪತ್ತೈದನೆಯದನ್ನು ಕೊಡಲಾರ" ಎಂದರು. ಎಲ್ಲವಕ್ಕೂ ಒಡೆಯರಿದ್ದಾರೆ. ಹೊಸದೊಂದು ಒಳಗೆ ಬರಬೇಕಾದರೆ ಹಳೆಯದೊಂದು ಸರಿಯಬೇಕು, ಇಲ್ಲವೆ ಸಾಯಬೇಕು. ಅವರು ಒಂದು ಅಡಿಕೆಯನ್ನು ಬೆರಳಿನಿಂದ ಪಕ್ಕಕ್ಕೆ ತಳ್ಳಿ, ಆ ಎಡೆಯನ್ನು ಬಹಳ ಹೊತ್ತು ನೋಡಿದರು.

೨೦೨೩ರ ನವೆಂಬರ್ ೨೫, ೨೬ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ಕಂಬಳ ನಡೆದುದು ವಾಚಕರಲ್ಲಿ ಹಲವರು ಕಂಡದ್ದೇ. ೧೫೫ ಮೀಟರ್ ಉದ್ದದ ಕರೆಯನ್ನು ಹೊಸದಾಗಿ ಅಗೆದು, 'ರಾಜ-ಮಹಾರಾಜ' ಎಂದು ಹೆಸರಿಟ್ಟು, ನೂರಕ್ಕೂ ಹೆಚ್ಚು ಜೋಡಿಗಳನ್ನು ಲಾರಿಗಳಲ್ಲಿ ಘಟ್ಟ ಹತ್ತಿಸಿ ತಂದರು. ನಮ್ಮ ನಾಗರಬಾವಿ, ವಿಜಯನಗರಗಳ ಕರಾವಳಿಯ ಸಂಸಾರಗಳು ಮಕ್ಕಳುಮರಿಗಳೊಡನೆ ಹೋಗಿ ಕಣ್ಣೀರು ಒರೆಸಿಕೊಂಡು ಬಂದವು. ಮಿತ್ರರೂ ಹೋಗಿದ್ದರು. "ಸಂತೋಷವಾಯಿತು. ಆದರೆ ಅಲ್ಲಿ ಮಣ್ಣಿನ ವಾಸನೆ ಬರಲಿಲ್ಲ" ಎಂದು ಆಗಲೇ ಹೇಳಿದ್ದರು. ಸೋದರಮಾವನವರ ಮಾತು ಇನ್ನೂ ನೇರ: "ಪಟ್ಟಣಕ್ಕೆ ಒಂದು ಶನಿವಾರ ಕೊಟ್ಟರೆ ಇಲ್ಲಿ ಒಂದು ಶನಿವಾರ ಕಡಿಮೆ."

ನಿಂತುದನ್ನು ಮತ್ತೆ ನಡೆಸುವುದು ಸರ್ಕಾರಕ್ಕೂ ಸುಲಭವಲ್ಲ. ಮಂಗಳೂರಿನ ಬಳಿಯ ಪಿಲಿಕುಳದಲ್ಲಿ ಜಿಲ್ಲಾಡಳಿತವೇ ನಡೆಸುತ್ತಿದ್ದ ಕಂಬಳ ಹತ್ತು ವರ್ಷ ನಿಂತಿತ್ತು. ೨೦೨೪ರ ನವೆಂಬರಿನಲ್ಲಿ ಮತ್ತೆ ನಡೆಸಲು ಹೊರಟಾಗ, ಪಕ್ಕದಲ್ಲಿಯೇ ಇರುವ ಮೃಗಾಲಯದ ಪ್ರಾಣಿಗಳಿಗೆ ಗದ್ದಲದಿಂದ ತೊಂದರೆಯೆಂದು ಪ್ರಾಣಿದಯಾ ಸಂಘದವರು ಹೈಕೋರ್ಟಿಗೆ ಹೋದರು. ಆ ನವೆಂಬರಿನಲ್ಲಿ ಅಲ್ಲಿ ಕೋಣಗಳು ಓಡಲಿಲ್ಲ. ಹಣವೊಂದಿದ್ದರೆ ಸಾಕೆನ್ನುವವರು ದಿಲ್ಲಿಯ ಹತ್ತಿರದ ಬುದ್ಧ ಅಂತರರಾಷ್ಟ್ರೀಯ ಮೋಟಾರು ಕಣವನ್ನು ನೆನೆಯಬೇಕು. ೨೦೧೧ರಿಂದ ಮೂರು ವರ್ಷ ಜಗತ್ತಿನ ಅತಿವೇಗದ ಕಾರುಗಳು ಓಡಿದುವು. ತೆರಿಗೆಯ ತಕರಾರಿನಲ್ಲಿ ತಾರೀಖು ಕೈಬಿಟ್ಟಿತು. ೨೦೨೩ರ ಸೆಪ್ಟೆಂಬರಿನಲ್ಲಿ ಮೋಟಾರು ಸೈಕಲ್ಲುಗಳ ವಿಶ್ವಪಂದ್ಯ ಒಮ್ಮೆ ಬಂದು ಹೋಯಿತು. ಮರುವರ್ಷದ ಪಟ್ಟಿಯಲ್ಲಿ ಹೆಸರಿದ್ದೂ ಪಂದ್ಯ ನಡೆಯಲಿಲ್ಲ. ಆ ಕಣದ ಸುತ್ತ ಅದನ್ನು ತಮ್ಮದೆನ್ನುವ ಊರಿರಲಿಲ್ಲವೆಂಬುದು ನನ್ನ ಊಹೆ. ನಾರ್ತ್ ವಿಲ್ಕ್ಸ್‌ಬರೋದಲ್ಲಿ ಇದ್ದಿತು.

ಮಿತ್ರರ ಊರಿನಲ್ಲಿ ಉಂಟೇ? ಆ ಮಧ್ಯಾಹ್ನ ಜಗಲಿಯ ಮೇಲೆ ಸೇರಿದ ಸಭೆಯಲ್ಲಿ ನಾನು ಮೂಲೆಯಲ್ಲಿ ಕುಳಿತು ಕೇಳಿದೆ. ಇಪ್ಪತ್ತು ಮಂದಿ ಬಂದಿದ್ದರು. ಹಿಂದೆ ಈ ಮನೆಯ ಗೇಣಿದಾರರಾಗಿದ್ದವರ ಮಕ್ಕಳೇ ಹೆಚ್ಚು; ಈಗ ಅವರಲ್ಲಿಯೇ ಟ್ರಾಕ್ಟರುಗಳೂ ಹಣವೂ ಇರುವುದು. ಜೊಂಡು ಕೀಳಲು ಯಂತ್ರ ಕೊಡುವೆನೆಂದ ಒಬ್ಬ. ಮರಳು ಎಲ್ಲಿಂದ ತರುವುದೆಂದು ಇನ್ನೊಬ್ಬ. ಪಶುವೈದ್ಯರು, ದೀಪ, ನೀರು, ಶಾಮಿಯಾನ, ಬಂದ ಕೋಣಗಳಿಗೆ ನೆರಳು, ಬಂದ ಜನಕ್ಕೆ ಗಂಜಿಯೂಟ, ವಾಹನ ನಿಲ್ಲಿಸಲು ಅಡಿಕೆ ಸಸಿ ಕಿತ್ತ ಜಾಗ ಎಂದು ಪಟ್ಟಿ ಬೆಳೆಯಿತು. ಕೊನೆಗೆ ಕಾರ್ಕಳದಲ್ಲಿ ಶಾಲಾ ಉಪಾಧ್ಯಾಯನಾಗಿರುವ ತರುಣನೊಬ್ಬ ಎದ್ದು, "ಎಲ್ಲವೂ ಹಿಂದಿನಂತೆಯೇ ನಡೆಯುವುದೋ?" ಎಂದು ಕೇಳಿದ.

ಸಭೆ ಸುಮ್ಮನಾಯಿತು. ನನಗೆ ಅರ್ಥವಾಗಲಿಲ್ಲ, ಮಿತ್ರರು ಮೆಲ್ಲಗೆ ವಿವರಿಸಿದರು. ಹಿಂದೆ ಕಂಬಳದ ಹಿಂದಿನ ರಾತ್ರಿಯೆಲ್ಲ ಕೊರಗರು ಗದ್ದೆಯ ಬದಿಯಲ್ಲಿ ಮಂಜಿನಲ್ಲಿ ಕುಳಿತು ಡೋಲು ಬಾರಿಸಬೇಕಾಗಿತ್ತು. ಕೋಣಗಳು ಇಳಿಯುವ ಮೊದಲು ಅವರನ್ನು ಕರೆಯಲ್ಲಿ ಓಡಿಸುತ್ತಿದ್ದುದೂ ಉಂಟು; ಮುಳ್ಳುಗಾಜುಗಳಿದ್ದರೆ ಮೊದಲು ಅವರ ಕಾಲಿಗೆ ಚುಚ್ಚಲಿ ಎಂದು. ಇಂಥ ಅಜಲು ಪದ್ಧತಿಯನ್ನು ೨೦೦೦ದ ಕಾನೂನು ನಿಷೇಧಿಸಿದೆ. ಕೇಳಿದ ತರುಣ ಆ ಸಮುದಾಯದವನು. ಅವನ ಅಜ್ಜ ಇದೇ ಗದ್ದೆಯ ಬದಿಯಲ್ಲಿ ರಾತ್ರಿ ಕಳೆದವನು.

ಸೋದರಮಾವನವರು ಬಹಳ ಹೊತ್ತು ಉತ್ತರ ಕೊಡಲಿಲ್ಲ. ಆಮೇಲೆ ಒಳಗಿನಿಂದ ಒಂದು ಕುರ್ಚಿ ತರಿಸಿ ತಮ್ಮ ಪಕ್ಕದಲ್ಲಿ ಹಾಕಿಸಿ, "ನೀನು ಇಲ್ಲಿ ಕುಳಿತು ಬರೆದುಕೊ. ಯಾವುದು ಬೇಕು, ಯಾವುದು ಬೇಡ ಎಂದು ಇವತ್ತೇ ಬರೆಯೋಣ" ಎಂದರು. ತರುಣ ತುಸು ಅನುಮಾನಿಸಿದ; ಬಂದು ಕುಳಿತ. ಅವನು ಬರೆದ ಮೊದಲನೆಯ ಸಾಲು ಏನೆಂಬುದು ನನಗೆ ಕಾಣಿಸಲಿಲ್ಲ. ಎರಡನೆಯದನ್ನು ನನ್ನ ಮಗಳು ಇಣುಕಿ ಓದಿದಳು: ಬೆತ್ತದ ಪೆಟ್ಟು ಕೂಡದು. ಅದಕ್ಕೆ ಸಭೆಯಲ್ಲಿ ಅರ್ಧ ಗಂಟೆ ವಾದವಾಯಿತು. ಸಾಲು ಮಾತ್ರ ಅಳಿಯಲಿಲ್ಲ.

ಹೊರಡುವಾಗ ನಾನು ನಾರ್ತ್ ವಿಲ್ಕ್ಸ್‌ಬರೋದ ಎರಡೂ ಚಿತ್ರಗಳನ್ನು ಸೋದರಮಾವನವರಿಗೆ ತೋರಿಸಿದೆ. ಮೂವತ್ತು ವರ್ಷವಾಯಿತೇ ಎಂದು ಕೇಳಿದರು. ಹೌದೆಂದೆ. ಹುಲ್ಲು ಬೆಳೆದ ಚಿತ್ರವನ್ನೇ ಹೆಚ್ಚು ಹೊತ್ತು ನೋಡಿ, "ನಮ್ಮದರಲ್ಲಿ ಇಷ್ಟು ಬಿರುಕಿಲ್ಲ" ಎಂದರು.

ಈಚೆಗೆ ಮಿತ್ರರಿಗೆ ಊರಿನಿಂದ ಕಾಗದ ಬಂದಿತು. ಜ್ಞಾನಭಾರತಿಯ ಕಲ್ಲುಬೆಂಚಿನ ಮೇಲೆ ಕುಳಿತು ನನಗೆ ಓದಿ ಹೇಳಿದರು. ಗೇರುಮರ ಕಡಿದು ಮಂಜೊಟ್ಟಿಯನ್ನು ಎತ್ತರಿಸಿದ್ದಾರೆ. ಎರಡು ಜೋಡಿ ಕೋಣಗಳನ್ನು ಸಾಲದಲ್ಲಿ ಕೊಂಡಿದ್ದಾರೆ. ಈ ವರ್ಷದ ಪಟ್ಟಿಯಲ್ಲಿ ಹೆಸರಿಲ್ಲ. ಮುಂದಿನ ವರ್ಷಕ್ಕೆ ಅರ್ಜಿ ಕೊಟ್ಟಿದ್ದಾರೆ. ಅಲ್ಲಿಯವರೆಗೆ ಯಾರ ಶನಿವಾರವನ್ನೂ ಕೇಳದೆ, ಒಂದು ಬುಧವಾರ ಊರಿನ ಕೋಣಗಳನ್ನಷ್ಟೆ ಇಳಿಸುವರಂತೆ. ಕರೆಗೆ ನೀರು ಬಿಟ್ಟಾಗ ನಾಲ್ಕು ದಿನ ನಿಂತು ಐದನೆಯ ಬೆಳಿಗ್ಗೆ ಪೂರ್ತಿ ಬತ್ತಿತ್ತು. ನೋಡಿದರೆ ಪಶ್ಚಿಮದ ಬದುವಿನಲ್ಲಿ ಏಡಿಯ ಬಿಲ. ಅದನ್ನು ಜೇಡಿಯಿಂದ ಮುಚ್ಚಿ ಮತ್ತೆ ನೀರು ಬಿಟ್ಟಿದ್ದಾರೆ. ಬುಧವಾರಕ್ಕೆ ರಜೆ ಹಾಕಿ ಬರಬೇಕು, ಆ ಹುಡುಗಿಯನ್ನು ಮರೆಯದೆ ಕರೆತರಬೇಕು ಎಂದು ಕೊನೆಯಲ್ಲಿ ಬರೆದಿತ್ತು.